ಚೀಲ ಕಟ್ಟಿಕೊಂಡು ದೇವರ ಮೇಜಿಗೆ

ಹೇಸಿಗೆಯಿಂದಲೇ ಶುರು ಮಾಡುತ್ತೇನೆ. ಈ ಕಾಯಿಲೆಯ ಬಗ್ಗೆ ಮಾತಾಡುವವರು ಧೈರ್ಯದ ಮಾತು ಹೇಳುತ್ತಾರೆ, ಪಥ್ಯದ ಮಾತು ಹೇಳುತ್ತಾರೆ, ಪ್ರಾರ್ಥನೆಯ ಮಾತು ಹೇಳುತ್ತಾರೆ. ಹೇಸಿಗೆಯ ಮಾತನ್ನು ಯಾರೂ ಎತ್ತುವುದಿಲ್ಲ. ನನಗೆ ಆಗ ಕೇಳಬೇಕಾಗಿದ್ದದ್ದು ಅದೊಂದೇ.

ನನ್ನ ಹೊಟ್ಟೆಯ ಎಡಭಾಗದಲ್ಲಿ, ಹೊಕ್ಕುಳಿಗಿಂತ ತುಸು ಕೆಳಗೆ, ಒಂದು ತೂತು ಇದೆ. ಅಲ್ಲಿ ಕರುಳಿನ ತುದಿ ಕೆಂಪಗೆ, ಹಸಿಯಾಗಿ ಹೊರಗೆ ಕಾಣುತ್ತದೆ. ಮಲ ಅಲ್ಲಿಂದ ಬಂದು, ಅದರ ಮೇಲೆ ಅಂಟಿಸಿದ ಚೀಲದಲ್ಲಿ ತುಂಬುತ್ತದೆ. ಯಾವಾಗ ಬರಬೇಕೆಂದು ಅದು ನನ್ನನ್ನು ಕೇಳುವುದಿಲ್ಲ. ಪಾಠ ಮಾಡುವಾಗ ಬರುತ್ತದೆ, ಊಟ ಮಾಡುವಾಗ ಬರುತ್ತದೆ, ಪ್ರಾರ್ಥನೆ ಮಾಡುವಾಗಲೂ ಬರುತ್ತದೆ. ಸೀರೆಯೊಳಗೆ ಯಾರಿಗೂ ಕಾಣದು. ಆದರೆ ನನಗೆ ಸದಾ ಗೊತ್ತಿರುತ್ತದೆ.

ನನ್ನ ಹೆಸರು ಸುಗುಣಾ. ತಿಕೋಟಾದ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಮನೆ ವಿಜಯಪುರದ ಜಲನಗರದಲ್ಲಿ. ನಮ್ಮ ಮನೆಯವರು, ಸ್ಯಾಮುವೇಲ, ಬಬಲೇಶ್ವರದ ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಮಕ್ಕಳಿಲ್ಲ. ಬೆಳಿಗ್ಗೆ ಅವರು ಒಂದು ಬಸ್ಸಿಗೆ, ನಾನು ಒಂದು ಬಸ್ಸಿಗೆ. ಭಾನುವಾರ ಇಬ್ಬರೂ ದೇವಾಲಯಕ್ಕೆ, ನಮ್ಮ ಚರ್ಚಿಗೆ. ಇಷ್ಟೇ ನಮ್ಮ ಬದುಕಾಗಿತ್ತು.

ರಕ್ತ ಬೀಳಲು ಶುರುವಾದಾಗ ಮೂಲವ್ಯಾಧಿ ಎಂದುಕೊಂಡೆ. ಶಿಕ್ಷಕಿಯಾಗಿ ದಿನವಿಡೀ ಕುರ್ಚಿಯ ಮೇಲೆ ಕೂರುವವಳಿಗೆ ಅದು ಬರದೆ ಇನ್ನೇನು ಬರುತ್ತದೆ? ಯಾರೋ ಹೇಳಿದ ನಾಟಿ ಔಷಧಿ ಕುಡಿದೆ. ಮಜ್ಜಿಗೆ ಕುಡಿದೆ. ಖಾರ ಬಿಟ್ಟೆ. ಯಾರಿಗೂ ತೋರಿಸಲಿಲ್ಲ, ಏಕೆಂದರೆ ತೋರಿಸಬೇಕಾದ ಜಾಗ ಅಂಥದ್ದು. ಒಂದು ದಿನ ತರಗತಿಯಿಂದ ಎದ್ದಾಗ ಕುರ್ಚಿಯ ಮೇಲೆ ಕಲೆಯಾಗಿತ್ತು. ನನಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ಪಕ್ಕದ ತರಗತಿಯ ಮಹಾದೇವಿ, ಕಳ್ಳಕವಟಗಿಯಿಂದ ಬರುವ ಶಿಕ್ಷಕಿ, ಅದನ್ನು ನೋಡಿದಳು. ತನ್ನ ಕರವಸ್ತ್ರ ಒದ್ದೆ ಮಾಡಿ ಕುರ್ಚಿ ಒರೆಸಿದಳು. ಆಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು:

"ಅಕ್ಕೋರ, ನಾಳೆ ಸೂಟಿ ಹಾಕ್ರಿ. ನಾನೂ ಹಾಕ್ತೀನಿ. ದವಾಖಾನಿಗೆ ಹೋಗಿ ಬರೂಣು."

"ಮೂಲವ್ಯಾಧಿ ಐತೇಳವಾ. ಕಮ್ಮಿ ಆಗ್ತೈತಿ."

"ಆದ್ರ ಆತು. ಡಾಕ್ಟರ ಬಾಯಿಲೆ ಒಂದ್ಸಲ ಕೇಳಿ ಬಂದು ಬಿಡೂಣಲ್ರಿ."

ಅವಳು ಅಂದು ಜಗಳವಾಡದೆ ಹಟ ಹಿಡಿದಿದ್ದರಿಂದ ನಾನು ಇಂದು ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿಕೊಂಡಿದ್ದೆ. ಡಾಕ್ಟರ ಹಿಂದೆ ಕಲಿಯುವ ಹುಡುಗರು ಸಾಲಾಗಿ ನಿಂತಿದ್ದರು. ನನ್ನ ಶಾಲೆಯಲ್ಲಿ ಓದಿದ ಯಾವನಾದರೂ ಅವರೊಳಗೆ ಇದ್ದಾನೇನೋ ಎಂದು ಕಣ್ಣು ಮುಚ್ಚಿಕೊಂಡೆ. ಒಂದು ವಾರದ ಮೇಲೆ ಡಾಕ್ಟರು ನನ್ನನ್ನೂ ಸ್ಯಾಮುವೇಲರನ್ನೂ ಕೂರಿಸಿಕೊಂಡು, ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, ಕೆಳತುದಿಗೆ ಅಡ್ಡ ಗೀಟು ಎಳೆದು, "ಇದರ ಕೆಳಗಿಂದು ಪೂರ್ತಿ ತಗೀಬೇಕಾಗ್ತೈತ್ರಿ" ಎಂದರು.

ಸ್ಯಾಮುವೇಲ ಬಹಳ ಹೊತ್ತು ಆ ಗೀಟನ್ನೇ ನೋಡಿದರು. ಆಮೇಲೆ, "ಮತ್ತ ಸಂಡಾಸಕ್ಕ ಹ್ಯಾಂಗ್ರಿ?" ಎಂದು ಕೇಳಿದರು.

ನಾನು ಬದುಕುತ್ತೇನೋ ಇಲ್ಲವೋ ಎಂದು ಅವರು ಕೇಳಬಹುದಿತ್ತು. ಆದರೆ ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು. ಡಾಕ್ಟರು ಚೀಲದ ಬಗ್ಗೆ ಹೇಳಿದರು. ಜೀವನಪೂರ್ತಿ ಎಂದರು. ಕ್ಯಾನ್ಸರ್ ಎಂಬ ಶಬ್ದಕ್ಕಿಂತ ಆ ಶಬ್ದ ನನಗೆ ಹೆಚ್ಚು ತಾಕಿತು.

ಆಪರೇಷನ್‌ಗೆ ಮುಂಚೆ ಕರೆಂಟ್ ಕೊಡಿಸಬೇಕು ಎಂದರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೇ ಹೇಳುತ್ತಾರೆ. ಸ್ಯಾಮುವೇಲ ಅದಕ್ಕೆ ಕಾಯುವ ಹಾಲ್‌ನಲ್ಲಿ ನನ್ನ ಪಕ್ಕ ಕೂತು, "ಇಷ್ಟ ವರ್ಷ ನಾವು ಊರಿಗೆಲ್ಲಾ ಕರೆಂಟ್ ಕೊಟ್ವಿ. ಈಗ ನಿನಗ ಬ್ಯಾರೆಯವ್ರು ಕೊಡಾಕತ್ತಾರ" ಎಂದರು. ನಾನು ನಕ್ಕೆ. ಆ ಹಾಲ್‌ನಲ್ಲಿ ನಗುವುದು ಸುಲಭವಿರಲಿಲ್ಲ. ಅರ್ಧಕ್ಕರ್ಧ ಜನ ಬಾಯಿಯ ಕಾಯಿಲೆಯವರು. ಎದುರು ಬೆಂಚಿನ ಮುದುಕನೊಬ್ಬ ಟವೆಲ್ಲು ಸರಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಗುಳುತ್ತಿದ್ದ. ಅವನ ದವಡೆಯಿಂದ ಕೊಳೆತ ವಾಸನೆ ಬರುತ್ತಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದೆ. ನಾನೂ ಅದೇ ಸಾಲಿನವಳು ಎಂದು ಆಗ ನನಗೆ ಅನಿಸುತ್ತಿರಲಿಲ್ಲ.

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಎರಡು ದಿನ ನಾನು ಹೊಟ್ಟೆಯ ಕಡೆ ನೋಡಲಿಲ್ಲ. ಮೂರನೆಯ ದಿನ ನರ್ಸ್ ಚೀಲ ಬದಲಿಸುವಾಗ, "ನೋಡ್ರಿ ಅಕ್ಕಾ, ನೀವ ಕಲೀಬೇಕು" ಎಂದಳು. ನೋಡಿದೆ. ಕೆಂಪು ಮಾಂಸದ ಮೊಗ್ಗೊಂದು ತಾನೇ ಮುದುಡುತ್ತ, ಅರಳುತ್ತ ಇತ್ತು. ಅದರಿಂದ ಹಳದಿ ನೀರು ಇಳಿಯುತ್ತಿತ್ತು. ನನ್ನದೇ ಮೈ ಅದು. ಹಾವು ಕಂಡಂತೆ ಮುಖ ತಿರುಗಿಸಿದೆ.

ಇಲ್ಲಿ ನನ್ನ ಅಪ್ಪನ ಬಗ್ಗೆ ಹೇಳಬೇಕು. ನಾನು ಹುಟ್ಟಿದ್ದು ಬಬಲೇಶ್ವರದಲ್ಲಿ. ಅಪ್ಪ ಅದರ ಸುತ್ತಿನ ಹಳ್ಳಿಗಳಲ್ಲಿ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದರು. ಸೈಕಲ್ ತುಳಿದು ಹೋಗಿ, ನಾಲ್ಕೈದು ಮನೆಗಳನ್ನು ಕೂಡಿಸಿ ಪ್ರಾರ್ಥನೆ ನಡೆಸುವ ಕೆಲಸ. ಎಷ್ಟು ದಣಿದಿದ್ದರೂ ಕೈಕಾಲು ತೊಳೆಯದೆ ಬೈಬಲ್ ವಾಕ್ಯ ಓದಲು ಕೂರುತ್ತಿರಲಿಲ್ಲ. ನಮ್ಮ ಉಗುರು ನೋಡುತ್ತಿದ್ದರು, ಕಿವಿಯ ಹಿಂದೆ ನೋಡುತ್ತಿದ್ದರು. "ಡಿಸಿ ಸಾಹೇಬ್ರ ಮುಂದ ಹಿಂಗ ಹೋಗ್ತಿಯೇನವಾ? ದೇವರು ಡಿಸಿಗಿಂತ ಸಣ್ಣಾಂವ ಏನು?" ಎನ್ನುತ್ತಿದ್ದರು. ಅವರಿಗೆ ದೇವರೆಂದರೆ ಅಷ್ಟು ಗೌರವ. ಬೈದು ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ್ದು. ದೇವರ ಭಯ ಎಂದರೆ ಚೊಕ್ಕವಾಗಿರುವುದು ಎಂದು ನಾನು ಕಲಿತದ್ದು ಅಲ್ಲಿ. ಅದು ತಪ್ಪೆಂದು ನನಗೆ ಯಾವತ್ತೂ ಅನಿಸಿರಲಿಲ್ಲ, ಯಾಕೆಂದರೆ ನಾನು ಯಾವಾಗಲೂ ಚೊಕ್ಕವಾಗಿಯೇ ಇದ್ದೆ.

ಈಗ ನಾನು ಮಲವನ್ನು ಹೊಟ್ಟೆಗೆ ಕಟ್ಟಿಕೊಂಡವಳು. ಪ್ರಾರ್ಥನೆಗೆ ಕೂತರೆ ಮೊದಲು ಬರುವುದು ವಾಸನೆ. ಅದು ನಿಜವಾಗಿ ಇತ್ತೋ, ನನ್ನ ಮನಸ್ಸಿನಲ್ಲಿತ್ತೋ ಗೊತ್ತಿಲ್ಲ. ಎರಡು ಸಲ ಸ್ನಾನ ಮಾಡಿ ಕೂತೆ. ಊದುಬತ್ತಿ ಹಚ್ಚಿದೆ. ಹೋಗಲಿಲ್ಲ. ಪ್ರಾರ್ಥನೆಯನ್ನೇ ಬಿಟ್ಟೆ. ದೇವರ ಮೇಲೆ ಸಿಟ್ಟಾಗಿ ಅಲ್ಲ. ದೇವರಿಗೆ ನನ್ನ ವಾಸನೆ ಬರಬಾರದೆಂದು.

ಘೋಣಸಗಿಯಿಂದ ನನ್ನ ನಾದಿನಿ ಸುಶೀಲಾ ಬಂದಳು, ತನ್ನ ಪ್ರಾರ್ಥನಾ ಗುಂಪಿನ ಹೆಂಗಸರನ್ನು ಕರೆದುಕೊಂಡು. ಅವಳು ಕೆಟ್ಟವಳಲ್ಲ. ಆಸ್ಪತ್ರೆಯಲ್ಲಿ ನನಗೆ ಗಂಜಿ ಕುಡಿಸಿದವಳು. ಆದರೆ ಅಂದು ಹಾಸಿಗೆಯ ಸುತ್ತ ನಿಂತ ಹೆಂಗಸರು ಒಂದು ಕೈ ನನ್ನ ತಲೆಯ ಕಡೆ ಚಾಚಿ, ಇನ್ನೊಂದು ಕೈಯಲ್ಲಿ ಸೆರಗು ಮೂಗಿಗೆ ಹಿಡಿದಿದ್ದರು. ಗಟ್ಟಿಯಾಗಿ, ಅಳುತ್ತ ಪ್ರಾರ್ಥಿಸಿದರು. ಮುಗಿದ ಮೇಲೆ ಒಬ್ಬಾಕೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು:

"ತಂಗಿ, ಒಳಗ ಏನರ ಮುಚ್ಚಿಟ್ಟಿದ್ರ ದೇವರ ಮುಂದ ಬಿಚ್ಚಿ ಬಿಡು. ಸುಮ್ಮನ ಇಂಥಾ ಬ್ಯಾನಿ ಬರೂದಿಲ್ಲ."

"ನನ್ನ ಒಳಗಿಂದು ಎಲ್ಲಾ ಹೊರಗ ಐತ್ರಿ. ನೋಡ್ತೀರೇನು?" ಎಂದು ನಾನು ಹೊದಿಕೆಗೆ ಕೈ ಹಾಕಿದೆ.

ಆಕೆ ಹಿಂದೆ ಸರಿದಳು. ಸುಶೀಲಾ ಮುಖ ಸಣ್ಣದು ಮಾಡಿಕೊಂಡು ಅವರನ್ನೆಲ್ಲ ಹೊರಗೆ ಕರೆದೊಯ್ದಳು. ಅವರು ಹೋದ ಮೇಲೆ ನನಗೆ ಅವರ ಮೇಲೆ ಹೇಸಿಗೆಯಾಯಿತು, ಅವರು ಅತ್ತ ರೀತಿಗೆ ಹೇಸಿಗೆಯಾಯಿತು, ಅವರ ಮಾತಿನಲ್ಲಿ ದೇವರು ಪೊಲೀಸನ ಹಾಗೆ ಬಂದುಹೋದದ್ದಕ್ಕೆ ಹೇಸಿಗೆಯಾಯಿತು. ಇಷ್ಟೆಲ್ಲ ಆದ ಮೇಲೂ, ಆಕೆ ಹೇಳಿದ್ದು ನಿಜವಿದ್ದರೆ ಎಂದು ನನ್ನೊಳಗೆ ಮುಚ್ಚಿಟ್ಟ ಪಾಪ ಹುಡುಕುತ್ತ ಮಲಗಿದೆ. ಅದಕ್ಕೆ ಇನ್ನೂ ಹೇಸಿಗೆಯಾಯಿತು.

ಸ್ಯಾಮುವೇಲರ ಸ್ವಭಾವ ಬಲ್ಲವರಿಗೆ ಮುಂದಿನದು ಅರ್ಥವಾಗುತ್ತದೆ. ಅವರು ಬಹಳ ಹೇಸುವ ಮನುಷ್ಯ. ಬೇರೆಯವರ ಲೋಟಕ್ಕೆ ಬಾಯಿ ಇಡುವುದಿಲ್ಲ. ತಟ್ಟೆಯಲ್ಲಿ ಕೂದಲು ಕಂಡರೆ ಊಟ ಬಿಟ್ಟು ಏಳುತ್ತಾರೆ. ಅದಕ್ಕೇ ಚೀಲದ ಕೆಲಸದಿಂದ ಅವರನ್ನು ನಾನು ದೂರವಿಟ್ಟಿದ್ದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ನಾನೇ ಮಾಡಿಕೊಳ್ಳುತ್ತಿದ್ದೆ. ಅವರು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ.

ಕಿಮೋ ನಡೆಯುತ್ತಿದ್ದ ದಿನಗಳಲ್ಲಿ ಒಂದು ಶನಿವಾರ ಮಧ್ಯಾಹ್ನ ಚೀಲ ಅಂಚಿನಿಂದ ಬಿಚ್ಚಿಕೊಂಡಿತು. ನಾನು ಹಾಸಿಗೆಯಲ್ಲಿದ್ದೆ. ಭೇದಿಯಾಗುತ್ತಿತ್ತು. ಸೀರೆ, ಹಾಸಿಗೆ, ತೊಡೆ, ಎಲ್ಲ ಒದ್ದೆ. ಎದ್ದು ನಿಂತರೆ ಕಾಲು ನಿಲ್ಲಲಿಲ್ಲ. ಕೂಗಿದೆ. ಅವರು ಬಂದರು, ನೋಡಿದರು, ತಿರುಗಿ ಓಡಿದರು. ಹೊರಗಿನ ಬೇಸಿನ್ನಿನಲ್ಲಿ ಅವರು ವಾಂತಿ ಮಾಡುವುದು ನನಗೆ ಕೇಳಿಸಿತು. ಅಂಥ ಸದ್ದನ್ನು ಯಾವ ಹೆಂಡತಿಯೂ ಕೇಳಬಾರದು.

ನೀರು ಬಿಟ್ಟ ಸದ್ದು ಕೇಳಿತು. ಆಮೇಲೆ ಅವರು ಬಾಗಿಲಲ್ಲಿ ನಿಂತರು. ಮುಖ ಒದ್ದೆಯಾಗಿತ್ತು. ಕೈಯಲ್ಲಿ ಬಕೆಟ್ ಇತ್ತು.

"ನೀವು ಹೊರಗ ಹೋಗ್ರಿ. ಸುಶೀಲಾಗ ಫೋನ್ ಹಚ್ಚ್ರಿ" ಎಂದೆ.

"ಆಕಿ ಘೋಣಸಗಿಯಿಂದ ಬರೂತನ ಹಿಂಗ ಬಿದ್ದಿರ್ತಿ ಏನು?"

"ನಿಮಗ ಹೇಸಿಗಿ ಬರ್ತೈತಿ."

"ಬರ್ತೈತಿ."

ಅವರು ಸುಳ್ಳು ಹೇಳಬಹುದೆಂದು ನಾನು ಕಾದಿದ್ದೆ. ಹೇಳಲಿಲ್ಲ. ಬಕೆಟ್ ಕೆಳಗಿಟ್ಟು ಬಟ್ಟೆ ಹಿಂಡತೊಡಗಿದರು.

"ಹೇಸಿಗಿ ಬಂದ್ರ ಮತ್ತ್ಯಾಕ ಬಂದ್ರಿ?" ಎಂದೆ. "ನನ್ನ ನೋಡಿ ವಾಂತಿ ಮಾಡಕೊಂಡು, ಮತ್ತ ನನ್ನ ಮುಂದ ಬಂದು ನಿಂದರ್ತೀರಿ?"

"ವಾಂತಿ ಹೊಟ್ಟಿಗೆ ಸಂಬಂಧಪಟ್ಟದ್ದು, ಸುಗುಣಾ. ಅದು ನನ್ನ ಕೇಳಿ ಬರೂದಿಲ್ಲ. ಬರೂದು ಬಿಡೂದು ನನ್ನ ಕೈಯಾಗ ಇದ್ದದ್ದು. ಬಂದೀನಿ." ಹಿಂಡಿದ ಬಟ್ಟೆ ಹಿಡಿದು, "ಕಾಲ ಎತ್ತು" ಎಂದರು.

ಅವರು ಒರೆಸಿದರು. ನಡುವೆ ಇನ್ನೊಮ್ಮೆ ಎದ್ದು ಹೋಗಿ ಬಂದರು. ಚೀಲ ಅಂಟಿಸುವುದನ್ನು ನಾನು ಹೇಳಿಕೊಟ್ಟೆ. ಫ್ಯೂಸ್ ಹಾಕುವವರ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಅಂಟಿಸಿದರು. ಆ ಮಧ್ಯಾಹ್ನ ನನಗೆ ಏನೋ ತಿಳಿಯಿತು. ಪ್ರೀತಿಸುವವರಿಗೆ ಹೇಸಿಗೆಯಾಗುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಆದ್ದರಿಂದ ಹೇಸಿಗೆಯಾದವರೆಲ್ಲ ಬಿಟ್ಟು ಹೋಗುತ್ತಾರೆ ಎಂದೂ ನಂಬಿಕೊಂಡಿದ್ದೆ. ಎರಡೂ ತಪ್ಪಾಗಿದ್ದವು. ದೇವರ ಬಗ್ಗೆಯೂ ನಾನು ಇದೇ ತಪ್ಪನ್ನು ಮಾಡುತ್ತಿದ್ದೇನೆಯೇ ಎಂಬ ಅನುಮಾನ ಆಗ ಹುಟ್ಟಿತು. ಅನುಮಾನ ಅಷ್ಟೇ. ಅದು ನಂಬಿಕೆಯಾಗಲು ಇನ್ನೂ ಸಮಯ ಹಿಡಿಯಿತು.

ಕಿಮೋ ಮುಗಿದು, ಬೇಸಿಗೆ ರಜೆಯೂ ಮುಗಿದ ಮೇಲೆ ಶಾಲೆಗೆ ಹೋದೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಹಿಡಿಯುತ್ತಿದ್ದೆ. ಒಂದು ಸಲ ಮುಂದಿನ ಸೀಟಿನಾಕೆ ಕಿಟಕಿ ತೆರೆದು, "ಏನೋ ಸತ್ತೈತಿ ಇಲ್ಲಿ" ಎಂದಳು. ನಾನು ನಡುದಾರಿಯಲ್ಲಿ ಇಳಿದು ದ್ರಾಕ್ಷಿ ತೋಟದ ಬೇಲಿಯ ಬದಿಗೆ ಕೂತು ಅತ್ತೆ, ಮುಂದಿನ ಬಸ್ಸಿಗೆ ಹೋದೆ. ಮಹಾದೇವಿ ಶಿಕ್ಷಕಿಯರ ಪಾಯಖಾನೆಯಲ್ಲಿ ನನಗಾಗಿ ಒಂದು ಮೊಳೆ ಹೊಡೆಸಿ, ಹಳೇ ಪೇಪರು, ಸಾಬೂನು ತುಂಬಿದ ಕೈಚೀಲ ತೂಗುಹಾಕಿದ್ದಳು. ಯಾರಾದರೂ ಕೇಳಿದರೆ ತನ್ನದೆಂದು ಹೇಳುತ್ತಿದ್ದಳು. ಈ ಕಾಯಿಲೆಯವರಿಗೆ ಏನು ಸಹಾಯ ಮಾಡಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಮೊಳೆ ಹೊಡೆಸಿರಿ.

ದೇವಾಲಯಕ್ಕೂ ಹೋದೆ. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ ಕೂರುತ್ತಿದ್ದೆ. ಚೀಲದಲ್ಲಿ ಗಾಳಿ ತುಂಬಿದರೆ ಸದ್ದಾಗುತ್ತದೆ, ತಡೆಯಲು ಬರುವುದಿಲ್ಲ. ಎಲ್ಲರೂ ಮೌನವಾಗಿ ತಲೆ ತಗ್ಗಿಸಿದ್ದಾಗಲೇ ಅದಕ್ಕೆ ಮಾತು ಬರುತ್ತದೆ. ಒಂದು ಭಾನುವಾರ ಹಾಗಾದಾಗ ಹುಡುಗಿಯರು ಕಿಸಕ್ಕೆಂದರು. ಮುಂದಿನ ವಾರ ಪ್ರಭುಭೋಜನವಿತ್ತು, ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಭಾನುವಾರ. ನಮ್ಮ ಸಭೆಯಲ್ಲಿ ಅದನ್ನು ಎಲ್ಲರೂ ಮೇಜಿನ ಮುಂದೆ ಮೊಣಕಾಲೂರಿ, ಒಂದೇ ಬಟ್ಟಲಿನಿಂದ ತೆಗೆದುಕೊಳ್ಳುತ್ತೇವೆ.

ಆ ಭಾನುವಾರ ಸಂಜೆಯೇ ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. ಅವರ ಹೆಸರು ಬೇಡ. ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಮೆತ್ತಗೆ ಮಾತಾಡುವವರು. ಚಹಾ ಕುಡಿದು, ಮಳೆಬೆಳೆಯ ಮಾತಾಡಿ, ಕಡೆಗೆ ಹೇಳಿದರು:

"ತಂಗಿ, ಮುಂದಿನ ವಾರ ಪಾಸ್ಟರು ಮನಿಗೇ ಬಂದು ಭೋಜನ ಕೊಡ್ತಾರ. ನೀವು ಅಷ್ಟ ದೂರ ಬರೂದು ಬ್ಯಾಡ. ದೇವರ ಮೇಜಂದ್ರ, ನಿಮಗ ಗೊತ್ತೇ ಐತಿ, ಒಂದ ನಮೂನಿ ಗೌರವ ಇರ್ತೈತಿ. ಮಂದಿ ಸೂಕ್ಷ್ಮ ಇರ್ತಾರ."

"ಮಂದಿನೋ, ದೇವರೋ?" ಎಂದು ಸ್ಯಾಮುವೇಲ ಕೇಳಿದರು.

ಹಿರಿಯರು ಲೋಟ ಕೆಳಗಿಟ್ಟು ಎದ್ದರು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೇಸಿಗೆ. ಅವರು ಹೇಳಿದ್ದು ನನ್ನ ಅಪ್ಪ ಹೇಳಿದ್ದೇ, ನಾನು ನಂಬಿದ್ದೇ. ಆದರೆ ಅವರ ಬಾಯಲ್ಲಿ ಅದನ್ನು ಕೇಳಿದಾಗ ಅದು ದೇವರ ಗೌರವದ ಹಾಗೆ ಕೇಳಿಸಲಿಲ್ಲ. ನೆಲ ಒರೆಸಿದ ಮೇಲೆ ಯಾರೂ ತುಳಿಯಬಾರದು ಎನ್ನುವ ಮಾತಿನ ಹಾಗೆ ಕೇಳಿಸಿತು.

ನಮ್ಮ ಪಾಸ್ಟರು ಹೊಸಬರು, ಚಿಕ್ಕ ವಯಸ್ಸಿನವರು. ಗುರುವಾರ ಬಬಲೇಶ್ವರದಲ್ಲಿ ಕೆಲವು ಮನೆಗಳ ಪ್ರಾರ್ಥನೆ ನಡೆಸುತ್ತಿದ್ದರು. ಆ ಗುರುವಾರ ನಾನೂ ಸ್ಯಾಮುವೇಲರ ಜೊತೆ ಹೋಗಿ, ಪ್ರಾರ್ಥನೆ ಮುಗಿದ ಮೇಲೆ ಬಸ್ಸಿಗೆ ಕಾಯುವಾಗ ನೇರವಾಗಿ ಕೇಳಿದೆ:

"ಪಾಸ್ಟರ, ನನ್ನ ಹೊಟ್ಟಿ ಮ್ಯಾಲ ಮಲದ ಚೀಲ ಐತಿ. ಅದನ್ನ ಕಟಗೊಂಡು ದೇವರ ಮೇಜಿಗೆ ಬರಬಹುದೇನ್ರಿ?"

ಅವರು ಕೆಂಪಗಾದರು. ರಸ್ತೆ ನೋಡುತ್ತ ಹೇಳಿದರು:

"ಮೇಜಿಗೆ ಬರೋರ ಎಲ್ಲಾರ ಹೊಟ್ಟ್ಯಾಗೂ ಅದ ಇರ್ತೈತ್ರಿ, ಅಕ್ಕಾ. ನನ್ನ ಹೊಟ್ಟ್ಯಾಗೂ. ನಿಮ್ಮದು ಹೊರಗ ಐತಿ, ಅಷ್ಟ."

ಸ್ಯಾಮುವೇಲ ನಕ್ಕುಬಿಟ್ಟರು. ಪಾಸ್ಟರು ನಗಲಿಲ್ಲ.

"ಓದಿದ್ದೆಲ್ಲಾ ನಿಮ್ಮ ಮುಂದ ಹೇಳಾಕ ನನಗ ನಾಚಿಕಿ ಬರ್ತೈತ್ರಿ. ಒಂದ ಮಾತ ಹೇಳ್ತೀನಿ. ಪ್ರಭು ಹುಟ್ಟಿದ್ದು ದನದ ಕೊಟಗ್ಯಾಗ. ನಾವು ಡಿಸೆಂಬರ್‌ನ್ಯಾಗ ಕ್ರಿಸ್ಮಸ್ಸಿಗೆ ಥರ್ಮಾಕೋಲ್ ಹಚ್ಚಿ, ಲೈಟ್ ಬಿಟ್ಟು ಚಂದ ಮಾಡ್ತೀವಿ. ಖರೇ ಕೊಟಗಿ ವಾಸನಿ ಹ್ಯಾಂಗ ಇರ್ತೈತಿ, ಈ ಊರಾಗ ಹುಟ್ಟಿದ ನಿಮಗ ನಾ ಹೇಳಬೇಕೇನ್ರಿ?"

ಭಾನುವಾರ ಹೋದೆ. ಬೆಳಿಗ್ಗೆ ಊಟ ಮಾಡಲಿಲ್ಲ, ಚೀಲ ಖಾಲಿ ಮಾಡಿದೆ, ಹೊಸದು ಅಂಟಿಸಿದೆ, ಬಿಳಿ ಸೀರೆ ಉಟ್ಟೆ. ಜನ ಸಾಲುಸಾಲಾಗಿ ಮೇಜಿಗೆ ಹೋಗಿ ಬರುತ್ತಿದ್ದರು. ನಾನು ಎದ್ದಿರಲಿಲ್ಲ. ಕಣ್ಣು ಮುಚ್ಚಿಕೊಂಡು, ಕಾಯಿಲೆ ಬಂದ ಮೇಲೆ ಮೊದಲ ಸಲ ಸಿಂಗರಿಸದ ಪ್ರಾರ್ಥನೆ ಮಾಡಿದೆ. ಕರ್ತನೇ, ನನಗೆ ನನ್ನ ಮೇಲೆ ಹೇಸಿಗೆ. ಈ ಜನರ ಮೇಲೆ ಹೇಸಿಗೆ. ನಿನಗೆ ಏನು ಅನಿಸುತ್ತದೋ ಗೊತ್ತಿಲ್ಲ. ಕರೆದಿದ್ದೀಯ ಎಂದು ಬರುತ್ತಿದ್ದೇನೆ. ಅಷ್ಟೇ ಇತ್ತು. ಉತ್ತರವೇನೂ ಬರಲಿಲ್ಲ. ಆದರೆ ಮುಖ ತಿರುಗಿಸಿಕೊಂಡವರ ಮುಂದೆ ಮಾತಾಡಿದಂತೆಯೂ ಅನಿಸಲಿಲ್ಲ. ಕೊನೆಯ ಸಾಲು ಏಳುವಾಗ ಎದ್ದು ಹೋದೆ.

ಕೊನೆಯ ಸಾಲಿನಲ್ಲಿ ಬರುವವರು ಸಭೆಯ ಹಿರಿಯರು. ಆ ಸಾಲಿನಲ್ಲಿ ಗಂಡಸರು ಮುಗಿದು ಹೆಂಗಸರು ಶುರುವಾಗುವಲ್ಲಿ ನಾನು ಮೊಣಕಾಲೂರಿದೆ. ಪಕ್ಕದಲ್ಲಿ, ನಮ್ಮ ಮನೆಗೆ ಬಂದಿದ್ದ ಅದೇ ಹಿರಿಯರು. ರೊಟ್ಟಿಯ ತುಂಡು ಕೈಗೆ ಬಂತು. ಎಲ್ಲರೂ ತಲೆ ತಗ್ಗಿಸಿದರು. ಆಗ ನನ್ನ ಚೀಲ ಉಬ್ಬಿ, ಉದ್ದನೆಯ, ಹಸಿಯಾದ ಸದ್ದೊಂದು ಮಾಡಿತು. ಹಿರಿಯರ ಭುಜ ನನ್ನಿಂದ ಆಚೆ ಸರಿಯಿತು. ಅವರ ಮುಖ ಬಿಗಿದುಕೊಂಡಿತು. ನಾನು ಏಳಲಿಲ್ಲ.

ಪಾಸ್ಟರು ಬಟ್ಟಲನ್ನು ಅವರ ಬಾಯಿಗೆ ಹಿಡಿದರು. ಅವರ ದಪ್ಪ ಬಿಳಿ ಮೀಸೆ ದ್ರಾಕ್ಷಾರಸದಲ್ಲಿ ಅದ್ದಿತು. ಕುಡಿದು ತಲೆ ಎತ್ತಿದಾಗ ಮೀಸೆಯ ತುದಿಯಿಂದ ಒಂದು ಹನಿ ಬಟ್ಟಲಿಗೇ ಮರಳಿ ಬಿತ್ತು. ನಾನು ಅದನ್ನು ನೋಡಿದೆ. ಪಾಸ್ಟರು ಬಿಳಿ ಬಟ್ಟೆಯಿಂದ ಅಂಚನ್ನು ಒರೆಸಿ, ಬಟ್ಟಲನ್ನು ತುಸು ತಿರುಗಿಸಿ, ನನ್ನ ಕಡೆ ತಂದರು. ಅಂಚನ್ನು ಒರೆಸಬಹುದು. ಒಳಗಿನದನ್ನು ಯಾರು ಒರೆಸುತ್ತಾರೆ?

ನನ್ನ ಭುಜವೂ ಬಟ್ಟಲಿನಿಂದ ಹಿಂದೆ ಸರಿಯಿತು. ನನ್ನಿಂದ ಅವರಿಗೆ ಆದದ್ದೇ ಅವರಿಂದ ನನಗೆ ಆಗುತ್ತಿತ್ತು. ನಮ್ಮಿಬ್ಬರನ್ನೂ ಒಂದೇ ಬಟ್ಟಲಿಗೆ ಕರೆದವನಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂದು ನನಗೆ ಆ ಕ್ಷಣದಲ್ಲಿ ಅನಿಸಿತು. ಗೊತ್ತಿದ್ದೇ ಕರೆದಿದ್ದಾನೆ.

"ನಿಮಗಾಗಿ" ಎಂದರು ಪಾಸ್ಟರು.

ಹೇಸಿಗೆ ಹೋಗಿರಲಿಲ್ಲ. ಎರಡೂ ಕೈಯಿಂದ ಬಟ್ಟಲು ಹಿಡಿದು ಕುಡಿದೆ.